ಸ್ಪಷ್ಟನೆ: ಪನೋರಮಾಕ್ಕೆ ಕ್ಯಾಮೆರಾ ತಿರುಗಬೇಕಾದ ಜಾಗ

ಪನೋರಮಾ ಎಂದರೆ ಸುತ್ತ ತಿರುಗುತ್ತಾ ತೆಗೆದ ಹಲವು ಚಿತ್ರಗಳನ್ನು ಜೋಡಿಸಿ ಮಾಡುವ ಒಂದೇ ಅಗಲ ಚಿತ್ರ. ಅದರ ಬಗ್ಗೆ ಛಾಯಾಗ್ರಹಣದ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: "360 ಡಿಗ್ರಿ ದೃಶ್ಯಕ್ಕೆ ಕ್ಯಾಮೆರಾವನ್ನು ಟ್ರೈಪಾಡ್‌ಗೆ ಬಿಗಿದು ಸುತ್ತ ತಿರುಗಿಸಿದರೆ ಸಾಕು, ಜೋಡಣೆಯ ದೋಷವನ್ನೆಲ್ಲ ತಂತ್ರಾಂಶ ಸರಿಪಡಿಸುತ್ತದೆ." ಇದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ಟ್ರೈಪಾಡ್‌ನ ತಿರುಪು ಕೂರುವುದು ಕ್ಯಾಮೆರಾದ ತಳಕ್ಕೆ. ತಿರುಗಬೇಕಾದದ್ದು ಬೇರೆ ಬಿಂದುವಿನ ಸುತ್ತ: ಮುಂದಿನಿಂದ ಲೆನ್ಸಿನೊಳಗೆ ಇಣುಕಿದಾಗ ಅಪರ್ಚರ್ (ಬೆಳಕು ಹಾದುಹೋಗುವ ರಂಧ್ರ) ಎಲ್ಲಿರುವಂತೆ ಕಾಣುತ್ತದೆಯೋ ಅಲ್ಲಿ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಹತ್ತಿರ ಹಿಡಿದು, ತಲೆಯನ್ನು ಎಡಬಲಕ್ಕೆ ತಿರುಗಿಸಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಜರುಗಿದಂತೆ ಕಾಣುತ್ತದೆ. ಕ್ಯಾಮೆರಾಕ್ಕೂ ಆಗುವುದು ಇದೇ. ನಾನು ಜಗಲಿಯಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿದಾಗ ಅಂಗಳದಾಚೆಯ ತೆಂಗಿನಮರ ಸರಿಯಾಗಿ ಕೂಡಿತು, ಹತ್ತಿರದ ಕಂಬ ಮಾತ್ರ ನಡುವೆ ಕತ್ತರಿಸಿದಂತೆ ಎರಡಾಯಿತು.

ಆ ಬಿಂದುವನ್ನು ಹುಡುಕಲು ಒಂದು ಕೋಲನ್ನು ಹತ್ತಿರ, ಇನ್ನೊಂದನ್ನು ದೂರ, ಒಂದೇ ಗೆರೆಯಲ್ಲಿ ನೆಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿದ ಜಾರುಪಟ್ಟಿಯ ಮೇಲೆ ಹಿಂದೆಮುಂದೆ ಸರಿಸುತ್ತಾ ತಿರುಗಿಸಿ. ಎಲ್ಲಿ ಎರಡೂ ಕೋಲುಗಳು ಒಂದರ ಹಿಂದೊಂದು ಹಾಗೆಯೇ ನಿಲ್ಲುತ್ತವೆಯೋ ಅದೇ ಸರಿಯಾದ ಜಾಗ. ಜೂಮ್ ಬದಲಿಸಿದರೆ ಮತ್ತೆ ಹುಡುಕಬೇಕು.

ಬರೀ ದೂರದ ಬೆಟ್ಟಸಾಲಾದರೆ ಇಷ್ಟೆಲ್ಲ ಬೇಡ, ಕೈಯಲ್ಲಿ ಹಿಡಿದೇ ತೆಗೆಯಬಹುದು. ಆದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಮತ್ತು ಫೋಕಸ್ ಬದಲಾಗದಂತೆ ಇಟ್ಟುಕೊಳ್ಳಿ. ಒಂದು ಚಿತ್ರದ ಸುಮಾರು 30 ಶೇಕಡಾ ಭಾಗ ಮುಂದಿನದರಲ್ಲೂ ಇರಲಿ.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಹಂಚಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಯೇ ಈ ತಿದ್ದುಪಡಿಯನ್ನೂ ಹಾಕಿ.