ಅತ್ತೆ ಓಟು ಹಾಕಿದರು, ಮಗನಿಗೆ ಆಗಲಿಲ್ಲ

2024ರ ಲೋಕಸಭಾ ಚುನಾವಣೆ. ಕಲಬುರಗಿಯಲ್ಲಿ ಮೇ 7ಕ್ಕೆ ಮತದಾನ. ಅದಕ್ಕೂ ಕೆಲವು ದಿನ ಮೊದಲೇ ಚುನಾವಣೆ ಸಿಬ್ಬಂದಿ ನಮ್ಮ ಮನೆಗೆ ಬಂದರು. ಅತ್ತೆಗೆ ಆಗ 88. ಸೊಂಟ ಮುರಿದು ಎರಡು ವರ್ಷವಾಗಿತ್ತು, ಹಾಸಿಗೆ ಬಿಟ್ಟು ಏಳುವುದೇ ಕಷ್ಟ. 85 ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಅಂತ ಆ ಸಲ ಅನುಕೂಲ ಮಾಡಿದ್ದರು. ನಾವು ಮೊದಲೇ 12ಡಿ ಅರ್ಜಿ ತುಂಬಿ ಕೊಟ್ಟಿದ್ದೆವು. ನಾಲ್ಕೈದು ಜನ ಬಂದರು. ಒಬ್ಬರು ವಿಡಿಯೋ ಮಾಡುವವರು, ಜೊತೆಗೊಬ್ಬ ಪೊಲೀಸು. ಮಂಚದ ಮೇಲೆ ರಟ್ಟಿನ ಮರೆ ಇಟ್ಟರು. ಅತ್ತೆ ಕನ್ನಡಕ ಒರೆಸಿಕೊಂಡರು, ತಲೆ ಮೇಲೆ ಸೆರಗು ಸರಿಮಾಡಿಕೊಂಡರು, ಆಮೇಲೆ ನಿಧಾನವಾಗಿ ಗುರುತು ಹಾಕಿದರು. ಲಕೋಟೆ ಪೆಟ್ಟಿಗೆಗೆ ಬಿದ್ದ ಮೇಲೆ ಅವರಿಗೊಂದು ಪ್ರಶ್ನೆ ಹುಟ್ಟಿತು.

“ಸಾಹೇಬ್ರ, ನಮ್ಮ ಮೊಮ್ಮಗ ಬೆಂಗಳೂರಾಗ ಹಾನ. ಅವನ ಬಲ್ಲಿ ಯಾರ್ ಹೋಗ್ತಾರ್ರಿ?”

“ಇಲ್ಲ ಆಯಿ, ಅವ್ರು ಇಲ್ಲೇ ಬರಬೇಕು.”

ನನ್ನ ಮಗ ಬರಲಿಲ್ಲ. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಅವನ ಆಫೀಸಿಗೆ ರಜೆ ಅವತ್ತು. ಅವನ ಓಟು ಇದ್ದದ್ದು ಇಲ್ಲಿ, ಮೇ 7ರ ಮಂಗಳವಾರ. ರಾತ್ರಿ ರೈಲು ಹತ್ತಿ ಬರಬೇಕು, ಮತ್ತೆ ರಾತ್ರಿ ರೈಲಿನಲ್ಲೇ ಹೋಗಬೇಕು. ಎರಡು ದಿನ ರಜೆ ಕೇಳಿದ, ಸಿಗಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ 88 ವರ್ಷದವರ ಓಟು ಬಿತ್ತು, 26 ವರ್ಷದವನದು ಬೀಳಲಿಲ್ಲ. ಅತ್ತೆಯ ಹಾಸಿಗೆವರೆಗೂ ಪೆಟ್ಟಿಗೆ ತಂದರಲ್ಲ, ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಹೀಗೇ ಆಗಬೇಕು. ಆದರೆ ಅತ್ತೆ ಕೇಳಿದ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲೇ ಕೂತಿದೆ.

1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದರು. ನಮ್ಮಣ್ಣನಿಗೆ ಆಗ 19. ಆ ನವೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಓಟು. ಬ್ರಹ್ಮಪುರದ ನಮ್ಮ ಓಣಿಯಿಂದ ಅವನೂ ಅವನ ಗೆಳೆಯರೂ ಸೇರಿ ಹೋಗಿ, ಶಾಯಿ ಹಚ್ಚಿದ ಬೆರಳು ಎತ್ತಿಕೊಂಡು ಬಂದಿದ್ದರು. ಆ ಗೆಳೆಯರಲ್ಲಿ ಬಹಳಷ್ಟು ಜನ ಇವತ್ತಿಗೂ ಇದೇ ಊರಿನಲ್ಲಿದ್ದಾರೆ. ಮನೆ ಇಲ್ಲಿ, ಕೆಲಸ ಇಲ್ಲಿ, ಓಟೂ ಇಲ್ಲಿ. ಅವರಿಗೆ ಏನು ಬೇಕು ಅಂತ ಯಾವ ಪಕ್ಷದವರಿಗಾದರೂ ಗೊತ್ತು. ನನ್ನ ಮಗನ ಜೊತೆ ಓದಿದವರು ಎಲ್ಲಿದ್ದಾರೆ? ಪುಣೆ, ಹೈದರಾಬಾದ್, ಬೆಂಗಳೂರು. ಹೆಸರು ಮಾತ್ರ ಇಲ್ಲಿನ ಪಟ್ಟಿಯಲ್ಲಿದೆ.

ಯಾಕೆ ಹೋದರು ಅಂತ ಕೇಳಿದರೆ ಎಲ್ಲರೂ ‘ಇಲ್ಲಿ ಕೆಲಸ ಇಲ್ಲ’ ಅಂತಾರೆ. ಅದು ನಿಜವೇ. ಆದರೆ ಕೆಲಸ ಸಿಕ್ಕವರ ಪರಿಸ್ಥಿತಿ ಏನು ಅಂತ ನಾನು ದಿನಾ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನೋಡುತ್ತೇನೆ.

ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. ಒಂದೇ ಮೇಜಿನ ಸುತ್ತ ನಾವು ಮೂವರು ಡಬ್ಬಿ ಬಿಚ್ಚಿ ಕೂರುತ್ತೇವೆ. ನಾನು 1998ರಲ್ಲಿ ಸೇರಿದವಳು. ನನಗೆ ಹಳೇ ಪಿಂಚಣಿ ಇದೆ, ನನ್ನ ಸಂಬಳದಿಂದ ಅದಕ್ಕೆ ಏನೂ ಕಡಿತ ಇಲ್ಲ. ಎದುರಿಗೆ ಕೂರುವ ಸರ್ 2009ರಲ್ಲಿ ಸೇರಿದವರು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ. ಅವರ ಮೂಲ ವೇತನ, ತುಟ್ಟಿಭತ್ಯೆ ಎರಡೂ ಸೇರಿಸಿ ನೂರಕ್ಕೆ 10 ಪ್ರತಿ ತಿಂಗಳೂ ಕಟ್ ಆಗುತ್ತದೆ, ಸರ್ಕಾರ 14 ಹಾಕುತ್ತದೆ. ಕೊನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಅನ್ನುವುದು ಮಾರುಕಟ್ಟೆ ಮೇಲೆ. ಪಕ್ಕದಲ್ಲಿ ಕೂರುವ ಹುಡುಗಿ ಅತಿಥಿ ಶಿಕ್ಷಕಿ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯಿಂದ ಬಂದವಳು. ಬಿಎಸ್ಸಿ, ಬಿಎಡ್ ಮಾಡಿದ್ದಾಳೆ, ಗಣಿತ ನನಗಿಂತ ಚೆನ್ನಾಗಿ ಕಲಿಸುತ್ತಾಳೆ. ಅವಳಿಗೆ ತಿಂಗಳಿಗೆ 12 ಸಾವಿರ. ಅದೂ ವರ್ಷಕ್ಕೆ ಹತ್ತು ತಿಂಗಳು. ಪಿಂಚಣಿ ಮಾತು ಬಂದಾಗ ಅವಳು ಸುಮ್ನೆ ರೊಟ್ಟಿ ಮುರಿಯುತ್ತಾ ಕೂತಿರುತ್ತಾಳೆ.

ಒಂದೇ ಪಾಠ, ಒಂದೇ ಮಕ್ಕಳು, ಒಂದೇ ಬೆಲ್ಲು. ನಾವು ಮೂವರೂ ಹುಟ್ಟಿದ ವರ್ಷ ಬೇರೆ, ಅಷ್ಟೇ ವ್ಯತ್ಯಾಸ.

ನಮ್ಮ ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದಾಗ ನಾವೆಲ್ಲ ಎಷ್ಟು ಸಂತೋಷಪಟ್ಟಿದ್ದೆವು. ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮ ಭಾಗದವರಿಗೇ. ಅದರಿಂದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ, ನನಗೆ ಗೊತ್ತು. ಆದರೆ ಹುದ್ದೆ ತುಂಬದೆ ಹಾಗೇ ಖಾಲಿ ಬಿಟ್ಟು, ಅತಿಥಿಗಳ ಕೈಲಿ ವರ್ಷ ದೂಡಿದರೆ ಆ ಮೀಸಲಾತಿ ಕಾಗದದ ಮೇಲೇ ಉಳಿಯುತ್ತದೆ ಅಲ್ವಾ?

ಈಗ ಪ್ಲಾಟಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಬರೆಯಲೇಬೇಕು.

1999ರಲ್ಲಿ ನಾವು ಸೇಡಂ ರಸ್ತೆ ಕಡೆ 30x40ರ ಒಂದು ಪ್ಲಾಟು ತಗೊಂಡೆವು. 44 ಸಾವಿರ. ನನ್ನ ಸಂಬಳ ಆಗ ನಾಲ್ಕು ಸಾವಿರದ ಆಸುಪಾಸು. ಅಂದರೆ ಹನ್ನೊಂದು ತಿಂಗಳ ಸಂಬಳ. ಸಾಲ ಮಾಡಿ ಮನೆ ಕಟ್ಟಿದೆವು, ಅದರಲ್ಲೇ ಇದ್ದೇವೆ. ಅದೇ ಸಾಲಿನಲ್ಲಿ ಅಷ್ಟೇ ಅಳತೆಯ ಪ್ಲಾಟಿಗೆ ಈಗ 30 ಲಕ್ಷ ಹೇಳುತ್ತಾರೆ. ನಮ್ಮ ಅತಿಥಿ ಶಿಕ್ಷಕಿಯ ಲೆಕ್ಕದಲ್ಲಿ ಅದು 250 ತಿಂಗಳ ಸಂಬಳ. ವರ್ಷಕ್ಕೆ ಹತ್ತೇ ತಿಂಗಳಾದ್ದರಿಂದ 25 ವರ್ಷ. ಊಟ ಮಾಡದೆ, ಬಟ್ಟೆ ಉಡದೆ, ಬಾಡಿಗೆ ಕಟ್ಟದೆ. ಅಷ್ಟಾದರೂ ಬರೀ ಮಣ್ಣು ಸಿಗುತ್ತದೆ, ಮನೆಯಲ್ಲ.

2007ರಲ್ಲಿ ‘ಮಗನಿಗೆ ಇರಲಿ’ ಅಂತ ರಿಂಗ್ ರಸ್ತೆಯ ಆಚೆ ಇನ್ನೊಂದು ಪ್ಲಾಟು ಮಾಡಿದೆವು. ಅದು ಇವತ್ತಿಗೂ ಖಾಲಿ. ನಾಲ್ಕು ಮೂಲೆಗೆ ಶಹಾಬಾದ್ ಕಲ್ಲು ನೆಟ್ಟಿದ್ದೇವೆ. ಒಳಗೆ ಆಳೆತ್ತರ ಬಳ್ಳಾರಿ ಜಾಲಿ. ಆ ಸಾಲಿನಲ್ಲಿ ಒಂಬತ್ತು ಪ್ಲಾಟುಗಳಿವೆ, ಎದ್ದಿರುವುದು ಎರಡು ಮನೆ. ಉಳಿದ ಮಾಲೀಕರು ಯಾರು? ನಮ್ಮಂಥವರೇ. ಮೇಷ್ಟ್ರು, ಡಾಕ್ಟರು, ಗುತ್ತಿಗೆದಾರರು. ಎಲ್ಲರೂ ಐವತ್ತು ದಾಟಿದವರು. ಖಾಲಿ ಪ್ಲಾಟುಗಳ ಮುಂದೆ ರಸ್ತೆ ಬಂದಿದೆ, ಬೀದಿ ದೀಪ ಉರಿಯುತ್ತದೆ. ಅವುಗಳನ್ನೆಲ್ಲ ದಾಟಿ ಇನ್ನೂ ಎರಡು ಕಿಲೋಮೀಟರ್ ಆಚೆ, ದೀಪವಿಲ್ಲದ ಕಡೆ, ತಗಡಿನ ಕೋಣೆಯಲ್ಲಿ ಆ ಹುಡುಗಿ ಇನ್ನಿಬ್ಬರ ಜೊತೆ ಬಾಡಿಗೆಗಿದ್ದಾಳೆ. ಊರೊಳಗೆ ಕೇಳಿದ ಕಡೆಯೆಲ್ಲ ಮೊದಲು ಜಾತಿ ಕೇಳಿದರಂತೆ, ಆಮೇಲೆ ‘ಒಂಟಿ ಹೆಣ್ಣುಮಕ್ಕಳಿಗೆ ಕೊಡಲ್ಲ’ ಅಂದರಂತೆ.

ನಮ್ಮ ಆ ಖಾಲಿ ಪ್ಲಾಟಿಗೆ ವರ್ಷಕ್ಕೆ ಕಟ್ಟುವ ತೆರಿಗೆ ಒಂದು ಒಳ್ಳೆ ಇಳಕಲ್ ಸೀರೆಯ ಬೆಲೆಗಿಂತ ಕಡಿಮೆ. ಆದರೆ ಪ್ಲಾಟಿನ ಬೆಲೆ ಒಂದು ವರ್ಷದಲ್ಲಿ ಏರುವಷ್ಟನ್ನು ಆ ಹುಡುಗಿ ವರ್ಷಪೂರ್ತಿ ದುಡಿದರೂ ಗಳಿಸುವುದಿಲ್ಲ. ನಾನೇನು ಮಾಡಿದ್ದೇನೆ ಆ ದುಡ್ಡಿಗೆ? ಒಂದು ಗಿಡ ಕೂಡ ನೆಟ್ಟಿಲ್ಲ. ‘ಮಗನಿಗೆ ಇರಲಿ’ ಅಂತ ಎಲ್ಲರೂ ಒಂದೊಂದು ಹಿಡಿದಿಟ್ಟುಕೊಂಡು, ಎಲ್ಲರ ಮಕ್ಕಳಿಗೂ ಊರೇ ಸಿಗದ ಹಾಗೆ ಮಾಡಿದ್ದೇವೆ.

ನಮ್ಮ ಮಕ್ಕಳು ಇದನ್ನು ಬದಲಾಯಿಸಲಿ ಅಂದರೆ ಅದಕ್ಕಿರುವ ಬಾಗಿಲೂ ಮುಚ್ಚಿದೆ. ವಿಧಾನಸಭೆ, ಲೋಕಸಭೆಗೆ ನಿಲ್ಲಲು 25 ವರ್ಷ ಆಗಿರಬೇಕು. ವಿಧಾನ ಪರಿಷತ್ತಿಗೆ 30. ಪಂಚಾಯಿತಿಗಾದರೆ 21 ಸಾಕು. ಗ್ರಾಮದಿಂದ ಹಿಡಿದು ಜಿಲ್ಲಾ ಪಂಚಾಯಿತಿವರೆಗೂ ಅಷ್ಟೇ. ನಾನು ಏಳನೇ ಕ್ಲಾಸಿನಲ್ಲಿ ಕಲಿಸಿದ ಒಬ್ಬ ಹುಡುಗ ಇದ್ದಾನೆ, 2000ದಲ್ಲಿ ಹುಟ್ಟಿದವನು. ಊರಿನಲ್ಲೇ ಉಳಿದು ತೊಗರಿ ಬೆಳೆಯುತ್ತಾನೆ. ಅಲ್ಲಿನ ಹುಡುಗರನ್ನು ಕಟ್ಟಿಕೊಂಡು ಶಾಲೆ ಕಾಂಪೌಂಡು, ಕುಡಿಯುವ ನೀರು ಅಂತ ಓಡಾಡುತ್ತಾನೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಅವನಿಗೆ 20. ಓಟು ಹಾಕಿದ, ನಿಲ್ಲಲು ಆಗಲಿಲ್ಲ. ಆಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಾದರೂ ನಿಲ್ಲುತ್ತೇನೆ ಅಂತ ಕಾದ. ಅವು 2016ರಲ್ಲಿ ನಡೆದಿದ್ದವು, ಅವಧಿ 2021ಕ್ಕೆ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಹೊಸ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಇದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಯಾವ ಪಕ್ಷದ ಸರ್ಕಾರ ಬಂದರೂ ಇದೇ ಕಥೆ, ಆಡಳಿತಾಧಿಕಾರಿಗಳೇ ನಡೆಸಿದರು. ಹೋದ ಸಲ ಸಿಕ್ಕಾಗ ‘ಟೀಚರ್, ನಾನು ಜಿಲ್ಲಾ ಪಂಚಾಯಿತಿಗೆ ಇನ್ನೂ ಒಮ್ಮೆನೂ ಓಟೇ ಹಾಕಿಲ್ಲರಿ’ ಅಂದ. ನಿಲ್ಲುವುದು ದೂರದ ಮಾತು.

ಯುವನಿಧಿ ಬಂತಲ್ಲ ಅಂತ ಕೆಲವರು ಹೇಳುತ್ತಾರೆ. ಪದವಿ ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರದಿಂದ ತಿಂಗಳಿಗೆ 3 ಸಾವಿರ, ಡಿಪ್ಲೊಮಾದವರಿಗೆ 1,500, ಎರಡು ವರ್ಷ. ಕಷ್ಟದಲ್ಲಿರುವವರಿಗೆ ಅದು ದೊಡ್ಡದೇ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಅವರು ಕೇಳುತ್ತಿರುವುದು ಖಾಲಿ ಹುದ್ದೆ, ಬಾಡಿಗೆಗೊಂದು ಕೋಣೆ, ಸರಿಯಾದ ಹೊತ್ತಿಗೆ ಒಂದು ಚುನಾವಣೆ.

ಮಗನಿಗೆ ನಾನೇ ಹೇಳಿದೆ, ಫಾರಂ 8 ತುಂಬಿ ಓಟನ್ನು ಬೆಂಗಳೂರಿಗೆ ಬದಲಾಯಿಸಿಕೋ ಅಂತ. ಅದಕ್ಕೆ ಸ್ವಂತ ಮನೆ ಬೇಕಿಲ್ಲ. ಬಾಡಿಗೆಯಲ್ಲಿದ್ದರೂ ವಾಸ ಇರುವ ಕಡೆಯೇ ಓಟು. ಹೇಳುವಾಗ ಗಂಟಲು ಕಟ್ಟಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಅಲ್ಲಿಗೆ ಹಾಕಿಸಿಕೊಂಡ್ರ ನಾ ಅಲ್ಲಿಯವನೇ ಆಗ್ತೀನಲ್ಲವ್ವಾ’ ಅಂದ. ಇನ್ನೂ ತುಂಬಿಲ್ಲ.

ಹೋದ ಭಾನುವಾರ ಪ್ಲಾಟಿನ ಜಾಲಿ ಕಡಿಸಿದೆವು. ಮೂರು ಕೋಣೆ ಕಟ್ಟಿಸಿ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಯಾರ ಜಾತಿಯನ್ನೂ ಕೇಳದೆ ಬಾಡಿಗೆ ಕೊಡಬೇಕು ಅಂತ ಮನೆಯಲ್ಲಿ ಮಾತಾಡಿದ್ದೇವೆ. ಒಂದು ಮನೆಯವರು ಮಾಡಿದರೆ ಸಾಲದು. ಖಾಲಿ ಪ್ಲಾಟುಗಳ ತೆರಿಗೆಯನ್ನು ಜಾಸ್ತಿ ಮಾಡಿ, ಆ ದುಡ್ಡಿನಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿ ಅಂತ ಪಾಲಿಕೆಗೆ ಒಂದು ಮನವಿ ಬರೆಯುತ್ತಿದ್ದೇನೆ. ಪ್ಲಾಟಿನ ಮಾಲೀಕರೇ ಸಹಿ ಮಾಡಿದರೆ ಅದಕ್ಕೆ ತೂಕ ಬರುತ್ತದೆ. ರಿಂಗ್ ರಸ್ತೆ ಆಚೆ ಈಚೆ ಪ್ಲಾಟು ಹಾಗೇ ಬಿಟ್ಟಿರುವ ನನ್ನ ವಯಸ್ಸಿನವರು ಇನ್‌ಬಾಕ್ಸಿಗೆ ಬನ್ನಿ. ಈಗ ಮೂರು ಸಹಿ ಆಗಿವೆ, ಮೊದಲನೆಯದು ನನ್ನದು.