ಎಷ್ಟ ಓಡೇತಿ ಅಲ್ರೀ, ಎಲ್ಲಿ ಓಡೇತಿ?

ಹುಬ್ಬಳ್ಳಿಯಲ್ಲಿ ಹಳೇ ಮೋಟರ್‌ಸೈಕಲ್ಲೊಂದು ಮಾರಾಟಕ್ಕೆ ನಿಂತಿತೆಂದರೆ ಸುತ್ತ ಸೇರುವ ನಾಲ್ಕು ಮಂದಿಯಲ್ಲಿ ಮೂವರು ಕೇಳುವುದು ಒಂದೇ ಮಾತು: ‘ಎಷ್ಟ ಓಡೇತ್ರೀ?’ ನಾಲ್ಕನೆಯವರು ಮೈಲೇಜ್ ಕೇಳುತ್ತಾರೆ. ಮಾರುವವನೂ ಇದಕ್ಕೆ ತಯಾರಾಗಿಯೇ ಬಂದಿರುತ್ತಾನೆ. ‘ಬರೇ ಹದಿನೆಂಟ ಸಾವಿರ ಅಣ್ಣಾರ, ಸಂಡೇಕ್ಕೊಮ್ಮೆ ಅಷ್ಟ ಹೊರಗ ತಗೀತಿದ್ವಿ.’ ಮೀಟರೂ ಹದಿನೆಂಟು ಸಾವಿರವನ್ನೇ ತೋರಿಸುತ್ತದೆ. ಪಾಪ, ಹೇಳಿಕೊಟ್ಟದ್ದನ್ನು ಅದು ಹೇಳುತ್ತದೆ.

ಪೇಟೆಗೆ ಹೋಗಿ ಕಾಯಿಪಲ್ಲೆ ತರುವ ನೂರು ಸಿಸಿ ಗಾಡಿಗೆ ಆ ಪ್ರಶ್ನೆ ಸಾಕು. ಗೋವಾ, ದಾಂಡೇಲಿ, ಧೈರ್ಯ ಬಂದರೆ ಲಡಾಖ್ ಎಂದು ಹೊರಡುವವರು ಕೊಳ್ಳುವ ಹಿಮಾಲಯನ್, ಡೊಮಿನಾರ್, 390 ಅಡ್ವೆಂಚರ್ ಥರದ ಟೂರಿಂಗ್ ಗಾಡಿಗೆ ಅದು ಅರ್ಧ ಪ್ರಶ್ನೆ. ಟಾಪ್ ಗೇರಿನಲ್ಲಿ ಹೆದ್ದಾರಿ ಹಿಡಿದು, ಹೊತ್ತಿಗೆ ಸರಿಯಾಗಿ ಆಯಿಲ್ ಕುಡಿದು ನಲವತ್ತು ಸಾವಿರ ಓಡಿದ ಎಂಜಿನ್, ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಅರ್ಧ ಕ್ಲಚ್ಚಿನ ಮೇಲೆ ಬೆಂದ ಹನ್ನೆರಡು ಸಾವಿರದ ಎಂಜಿನ್ನಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎಲ್ಲಿಗೂ ಹೋಗದೆ ಎರಡು ವರ್ಷ ಪತ್ರಾಸಿನ ಶೆಡ್ಡಿನಲ್ಲಿ ನಿಂತ ಗಾಡಿ. ನಿಂತಲ್ಲೇ ಬ್ಯಾಟರಿ ಸಾಯುತ್ತದೆ, ಅರೆಖಾಲಿ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಮುಂದಿನ ಗಾಲಿ ಹಿಡಿದ ಫೋರ್ಕಿನ ಸೀಲು ಒಣಗಿ ಬಿರಿಯುತ್ತದೆ, ಟಯರು ಒಂದೇ ಜಾಗದಲ್ಲಿ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಮೀಟರ್ ಮಾತ್ರ ಒಳ್ಳೇ ಸುದ್ದಿ ಹೇಳುತ್ತಿರುತ್ತದೆ.

ಹಾಗಾಗಿ ಕೇಳಬೇಕಾದ್ದು ‘ಎಲ್ಲಿ ಓಡೇತಿ?’ ಎಂದು. ಉತ್ತರಕ್ಕೆ ಮಾಲೀಕನ ಬಾಯಿ ನೋಡಬೇಕಿಲ್ಲ, ಮೊಣಕಾಲೂರಿ ಕುಳಿತು ಗಾಡಿಯ ಹೊಟ್ಟೆ ನೋಡಿದರಾಯಿತು. ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಕೈ ಒರೆಸಲು ಹಳೇ ಅರಿವೆ ಇದ್ದರೆ ಸಾಕು. ನಮ್ಮ ಸುತ್ತಲಿನ ಸೀಮೆಗಳು ಒಂದೊಂದೂ ಗಾಡಿಯ ಮೇಲೆ ತಮ್ಮ ರುಜು ಹಾಕಿ ಕಳಿಸುತ್ತವೆ.

ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಓಡಿದ್ದರೆ ಎರಿಮಣ್ಣು ಸಾಕ್ಷಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುವಂಥದ್ದು. ವಾಟರ್ ಸರ್ವಿಸಿನ ಪೈಪು ಮೇಲಿನದನ್ನು ತೊಳೆಯುತ್ತದೆ. ಹಿಂದಿನ ಗಾಲಿ ಹಿಡಿದ ಸ್ವಿಂಗ್‌ಆರ್ಮಿನ ಮೂಲೆ, ಎಂಜಿನ್ನಿನ ಹಿಂಬದಿ, ಮಡ್‌ಗಾರ್ಡಿನ ಒಳಮೈಯಲ್ಲಿ ಸಿಮೆಂಟಿನಂತೆ ಒಣಗಿ ಕೂತದ್ದು ಹಾಗೇ ಇರುತ್ತದೆ. ಅಂಥ ಗಾಡಿಯ ಚೈನನ್ನು ತಪ್ಪದೆ ನೋಡಬೇಕು. ಹಿಂದಿನ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದ, ಹಿಂಭಾಗದಲ್ಲಿ ಚೈನನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ಜಗ್ಗಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಮುಗಿದಿದೆ. ಹಲ್ಲುಗಳು ಒಂದೇ ಕಡೆ ಬಾಗಿ ಕುಡುಗೋಲಿನ ತುದಿಯಂತಾಗಿದ್ದರೆ ಸ್ಪ್ರಾಕೆಟ್ಟೂ ಮುಗಿದಿದೆ. ‘ಚೈನ್ ಅಷ್ಟ ಹಾಕಿಸ್ರಿ, ಸಾಕು’ ಎನ್ನುವವರ ಮಾತು ಕೇಳಬಾರದು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹಳೆಯದು ಹೊಸದನ್ನು ಬೇಗ ತನ್ನಂತೆಯೇ ಮಾಡಿಬಿಡುತ್ತದೆ. ಮುಂದಿನ ಸ್ಪ್ರಾಕೆಟ್, ಹಿಂದಿನದು, ಚೈನ್ ಮೂರನ್ನೂ ಸೆಟ್ಟಾಗಿಯೇ ಹಾಕಿಸಬೇಕು. ಆ ಖರ್ಚನ್ನು ದರದಲ್ಲೇ ಕಳೆಯಬೇಕು.

ಸಂಡೂರು, ಹೊಸಪೇಟೆ ಕಡೆಯ ಕೆಂಪು ಧೂಳು ಇನ್ನೂ ಸೂಕ್ಷ್ಮ. ಅದು ಏರ್ ಫಿಲ್ಟರ್ ಡಬ್ಬಿಯೊಳಗೆ ಕೂತಿರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಲು ಮಾರುವವನು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಫಿಲ್ಟರಿನ ಆಚೆ, ಎಂಜಿನ್ನಿನ ಕಡೆಯ ಮೈಯಲ್ಲೂ ಕೆಂಪು ಕಂಡರೆ ಪಿಸ್ಟನ್ ರಿಂಗುಗಳು ಧೂಳು ತಿಂದಿವೆ ಎಂದು ತಿಳಿಯಿರಿ.

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದಿಳಿದು ಹೋದ ಗಾಡಿ ಬ್ರೇಕಿನಲ್ಲಿ ಸಿಗುತ್ತದೆ. ಡಿಸ್ಕಿನ ಅಂಚಿಗೆ ಉಗುರು ಸವರಿದರೆ ಸವೆದ ಮೈಗೂ ಸವೆಯದ ಅಂಚಿಗೂ ನಡುವೆ ಮೆಟ್ಟಿಲು ಸಿಕ್ಕೀತು. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತಾರೆ. ಬ್ರೇಕ್ ಆಯಿಲ್ ಹೊಸದರಲ್ಲಿ ತಿಳಿ ಜೇನಿನ ಬಣ್ಣ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಕಿಟಕಿಯಲ್ಲಿ ಖಡಕ್ ಚಹಾದ ಬಣ್ಣ ಕಂಡರೆ ಯಾರೂ ಬದಲಿಸಿಲ್ಲ. ಆ ಆಯಿಲ್ ಗಾಳಿಯ ತೇವ ಹೀರುತ್ತದೆ, ಘಟ್ಟದಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ, ಲಿವರ್ ಸ್ಪಂಜಿನಂತಾಗುತ್ತದೆ.

ಗೋವಾದ ಉಪ್ಪುಗಾಳಿ ಕುಡಿದ ಗಾಡಿ ದೂರದಿಂದ ಮದುಮಗನಂತಿರುತ್ತದೆ. ಹತ್ತಿರ ಹೋಗಿ ಸ್ಪೋಕಿನ ನಿಪ್ಪಲ್, ಸೈಲೆನ್ಸರಿನ ಬೋಲ್ಟ್, ಟ್ಯಾಂಕಿನ ಕೆಳಗಿನ ವೈರಿನ ಸಾಕೆಟ್ಟು ನೋಡಿ. ಸಾಕೆಟ್ಟಿನೊಳಗೆ ಹಸಿರು ಪುಡಿ ಕಟ್ಟಿದ್ದರೆ ಮುಂದೊಂದು ದಿನ ಕತ್ತಲಲ್ಲಿ, ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ ಗಾಡಿ ಸುಮ್ಮನೆ ನಿಲ್ಲುತ್ತದೆ. ಅಲ್ಲಿ ಬಾಡಿಗೆಗೆ ಓಡುವ ಗಾಡಿಗಳಿಗೆ ಕಪ್ಪು ಫಲಕ, ಹಳದಿ ಅಕ್ಷರ. ದಿನಕ್ಕೊಬ್ಬ ಸವಾರ ಏರಿದ ಅಂಥ ಗಾಡಿ ಎಷ್ಟು ಅಗ್ಗವಾದರೂ ತುಟ್ಟಿಯೇ.

ಬರೀ ಹೆದ್ದಾರಿಯಲ್ಲಿ ಓಡಿದ್ದಕ್ಕೆ ಹಿಂದಿನ ಟಯರು ಸಾಕ್ಷಿ: ನಡುವೆ ಲಟ್ಟಿಸಿದಂತೆ ಚಪ್ಪಟೆ, ಅಂಚಿನಲ್ಲಿ ಹೊಸ ಹೂವು. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಾವೇರಿಯ ದನದ ಪ್ಯಾಟಿಯಲ್ಲಿ ಹಿರಿಯರು ಎತ್ತಿನ ತುಟಿ ಎತ್ತಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸುವುದೂ ಇದೇ ಲೆಕ್ಕ. ಅಲ್ಲಿ ಕೊಂಬು ಕೆರೆದು ಎಣ್ಣೆ ಹಚ್ಚಿ ತರುತ್ತಾರೆ, ಇಲ್ಲಿ ಟ್ಯಾಂಕಿಗೆ ಪಾಲಿಶ್ ಹಚ್ಚಿ ತರುತ್ತಾರೆ. ಅಲ್ಲಿಯ ಗಿರಾಕಿ ಮಾತ್ರ ಕೊಂಬಿಗೆ ಮರುಳಾಗುವವನಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಲಡಾಖಿನ ಸ್ಟಿಕ್ಕರಿಗೇ ಐದು ಸಾವಿರ ಹೆಚ್ಚು ಕೊಟ್ಟು ಬರುತ್ತಾರೆ. ಲಡಾಖಿಗೆ ಹೋಗಿಬಂದದ್ದು ತಪ್ಪಲ್ಲ. ಎಂಜಿನ್ ಕೆಳಗಿನ ತಗಡಿಗೆ ಕಲ್ಲು ಬಡಿದ ತಗ್ಗು ಇದ್ದರೆ ಆ ತಗಡು ತನ್ನ ಕೆಲಸ ಮಾಡಿದೆ. ಗಾಲಿಯ ಅಂಚು ಬಾಗಿದೆಯೇ ಎಂಬುದು ಮುಖ್ಯ. ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸಿ, ಸ್ಪೋಕುಗಳಿಗೆ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ತಟ್ಟಿ. ಎಲ್ಲವೂ ಟಣ್ ಎನ್ನುವಾಗ ನಡುವೆ ಒಂದು ದಡ್ ಎಂದರೆ ಅದು ಸಡಿಲ.

ಬಿದ್ದ ಗಾಡಿ ಎಲ್ಲಿ ಬಿತ್ತೆಂದು ಹೇಳುವುದಿಲ್ಲ, ಬಿದ್ದದ್ದನ್ನಂತೂ ಮುಚ್ಚಿಡಲಾರದು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಫ್ರೇಮಿಗೆ ಬಡಿದು ನಿಲ್ಲುವ ಚಿಕ್ಕ ಸ್ಟಾಪರ್ ಇರುತ್ತದಲ್ಲ, ಮುಂದಿನಿಂದ ಜೋರಾಗಿ ಗುದ್ದಿದ ಗಾಡಿಯಲ್ಲಿ ಅದು ಎಷ್ಟೋ ಸಲ ಜಜ್ಜಿರುತ್ತದೆ, ಇಲ್ಲವೇ ಅದರ ಸುತ್ತ ಬಣ್ಣ ಸಿಡಿದಿರುತ್ತದೆ. ಹೊಸ ಹೆಡ್‌ಲೈಟ್, ಹೊಸ ಮಡ್‌ಗಾರ್ಡ್ ಹಾಕಿದವರಿಗೂ ಇದು ನೆನಪಾಗುವುದಿಲ್ಲ. ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದಾಗ ನಟ್ಟನಡುವೆ ಗೂಟಕ್ಕೆ ಸಿಕ್ಕಂತೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಹಳ್ಳದ ರಸ್ತೆಯಲ್ಲಿ ಭಾರ ಹೊತ್ತ ಗಾಡಿಗಳಿಗೆ ಇದು ಬರುವ ರೋಗವೇ. ಬದಲಿಸಬಹುದು, ಹೆದರಬೇಕಿಲ್ಲ.

ಎಂಜಿನ್ ವಿಷಯದಲ್ಲಿ ಒಂದು ಷರತ್ತು: ‘ನಾ ಬರೂ ತನಕಾ ಚಾಲೂ ಮಾಡಬ್ಯಾಡ್ರಿ.’ ತಲುಪಿದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾವುದನ್ನೋ ಮುಚ್ಚಲು ಬೆಚ್ಚಗೆ ಮಾಡಿರಬಹುದು. ಚಹಾ ಕುಡಿಯುತ್ತ ಒಂದು ತಾಸು ಕಾಯಿರಿ, ಅಥವಾ ಮರುದಿನ ಬೆಳಿಗ್ಗೆ ಬನ್ನಿ. ತಣ್ಣಗಿನ ಎಂಜಿನ್ ಹೊತ್ತಿಸಿದಾಗ ಸೈಲೆನ್ಸರಿನಿಂದ ತೆಳ್ಳಗೆ ಬಿಳಿ ಆವಿ ಬಂದು ನಿಂತರೆ ತಪ್ಪಿಲ್ಲ. ಹೊತ್ತಿದಾಗೊಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಎಕ್ಸಿಲೇಟರ್ ಕೊಟ್ಟಾಗಲೆಲ್ಲ ನೀಲಿ ಬಂದರೆ ರಿಂಗು. ಎರಡನೆಯದಕ್ಕೆ ಎಂಜಿನ್ ಬಿಚ್ಚಬೇಕು. ಡೊಮಿನಾರ್, 390ರಂಥ ನೀರಿನಿಂದ ತಣಿಯುವ ಎಂಜಿನ್ನಾದರೆ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಅಥವಾ ಆಯಿಲ್ ಹಾಕುವ ಮುಚ್ಚಳದ ಒಳಗೆ ಕಡೆದ ಮಜ್ಜಿಗೆಯಂಥ ನೊರೆ ಅಂಟಿದ್ದರೆ ನಮಸ್ಕಾರ ಹೇಳಿ ಬನ್ನಿ. ಕೀ ತಿರುವಿದಾಗ ಎಂಜಿನ್ ಲೈಟ್ ಹತ್ತಬೇಕು, ಚಾಲೂ ಆದಮೇಲೆ ಆರಬೇಕು. ಹತ್ತದೇ ಇದ್ದರೆ ಖುಷಿಪಡಬೇಡಿ, ಯಾರೋ ಅದನ್ನು ಕುರುಡು ಮಾಡಿದ್ದಾರೆ.

ಟೆಸ್ಟ್ ರೈಡ್ ಎಂದರೆ ಓಣಿಯ ತುದಿಗೆ ಹೋಗಿ ಬರುವುದಲ್ಲ. ಅರ್ಧ ತಾಸಾದರೂ ಬೇಕು. ಗಾಡಿಯ ವಿಮೆ ಚಾಲ್ತಿಯಲ್ಲಿರಲಿ, ಲೈಸೆನ್ಸ್ ಜೇಬಿನಲ್ಲಿರಲಿ, ಇಬ್ಬರಿಗೂ ಹೆಲ್ಮೆಟ್ ಇರಲಿ. ಇಬ್ಬರಿಗೆ ಏಕೆಂದರೆ ಮಾಲೀಕನನ್ನು ಹಿಂದೆ ಕೂರಿಸಿಕೊಳ್ಳುವುದು ಲೇಸು. ಅವನಿಗೆ ಗಾಡಿ ಓಡಿಹೋದೀತೆಂಬ ಭಯವಿರುವುದಿಲ್ಲ, ನಿಮಗೆ ಭಾರ ಹೊತ್ತಾಗ ಹಿಂದಿನ ಶಾಕಪ್ ಹೇಗೆ ಕೂರುತ್ತದೆಂದು ತಿಳಿಯುತ್ತದೆ. ಮೊದಲು ಹತ್ತು ನಿಮಿಷ ಊರೊಳಗೆ, ಕೊಪ್ಪೀಕರ್ ರಸ್ತೆಯಂಥ ಇಕ್ಕಟ್ಟಿನಲ್ಲಿ. ನಿಂತಾಗ ನ್ಯೂಟ್ರಲ್ ಸಿಗುತ್ತದೆಯೇ, ಫ್ಯಾನ್ ತಿರುಗುತ್ತದೆಯೇ, ಕಾದ ಎಂಜಿನ್ ತಾನಾಗಿ ಬಂದ್ ಬೀಳುತ್ತದೆಯೇ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಗಬ್ಬೂರಿನಿಂದ ನರೇಂದ್ರದ ಕಡೆ ಹೋಗುವ ಬೈಪಾಸ್. ಟಾಪ್ ಗೇರಿನಲ್ಲಿ ಐವತ್ತರ ಆಸುಪಾಸಿನಿಂದ ಒಮ್ಮೆಲೇ ಎಕ್ಸಿಲೇಟರ್ ಕೊಡಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ರಸ್ತೆ ಖಾಲಿ ಇದ್ದಾಗ ಹಿಡಿತ ಸಡಿಲಿಸಿ, ಅಂಗೈ ಮಾತ್ರ ಹ್ಯಾಂಡಲಿಗೆ ತಾಗಿರಲಿ. ಗಾಡಿ ಒಂದೇ ಮಗ್ಗುಲಿಗೆ ಎಳೆದರೆ ಗಾಲಿಯ ಜೋಡಣೆ ತಪ್ಪಿದೆ, ಅದಕ್ಕಿಂತ ಕೆಟ್ಟದ್ದು ಫ್ರೇಮ್ ತಿರುಚಿದೆ. ಬ್ರೇಕ್ ಹಿಡಿದಾಗ ಲಿವರ್ ನಾಡಿಯಂತೆ ಮಿಡಿದರೆ ಡಿಸ್ಕ್ ಬಾಗಿದೆ. ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ನೋಡುವ ಎಬಿಎಸ್‌ನ ಲೈಟ್ ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಆರಬೇಕು. ತಿರುಗಿ ಬಂದು ಬಂದ್ ಮಾಡಿ, ಐದು ನಿಮಿಷ ಬಿಟ್ಟು ಬಿಸಿಯಲ್ಲೇ ಮತ್ತೆ ಚಾಲೂ ಮಾಡಿ, ಕೆಳಗೆ ಹಳೇ ಪೇಪರ್ ಹಾಸಿ. ಮಿಕ್ಕದ್ದನ್ನು ಪೇಪರಿನ ಮೇಲಿನ ಹನಿ ಹೇಳುತ್ತದೆ.

ಮಾಡೆಲ್ ವಿಷಯದಲ್ಲೂ ಚೂರು ಎಚ್ಚರ. 2016ರ ಕೊನೆಗೆ ಬಂದ ಡೊಮಿನಾರ್ 400 ಎಂಜಿನ್ನಿನ ಶಕ್ತಿ ಮೊದಲು 35 ಪಿಎಸ್ ಇತ್ತು. 2019ರಲ್ಲಿ 40ಕ್ಕೇರಿತು, ಮುಂದಿನ ಫೋರ್ಕ್ ತಲೆಕೆಳಗಾಯಿತು. ದಪ್ಪ ಕೊಳವೆ ಮೇಲಿದ್ದರೆ ಹೊಸದು, ಕೆಳಗಿದ್ದರೆ ಹಳೆಯದು. ‘ನೈಂಟೀನ್ ಮಾಡೆಲ್’ ಎನ್ನುವ ಮಾತಿಗಿಂತ ಆರ್‌ಸಿಯಲ್ಲಿ ಅಚ್ಚಾದ ತಿಂಗಳು, ವರ್ಷ ನಂಬಿ.

ಕಾಗದಪತ್ರ ಬೇಸರದ ಕೆಲಸ, ಆದರೆ ಎಂಜಿನ್ನಿಗಿಂತ ಹೆಚ್ಚು ತೊಂದರೆ ಕೊಡುವುದು ಅದೇ. ಹ್ಯಾಂಡಲಿನ ಕೆಳಗೆ ಫ್ರೇಮಿನ ಕುತ್ತಿಗೆಯ ಮೇಲೆ ಕೊರೆದ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಸಾಲದಲ್ಲಿ ಕೊಂಡಿದ್ದ ಗಾಡಿಯಾದರೆ ಸಾಲ ತೀರಿದೆಯೆಂದು ಹೇಳುವ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಹೆಸರು ಬದಲಿಗೆ ಫಾರಂ 29 ಮತ್ತು 30. ಗೋವಾ, ಮಹಾರಾಷ್ಟ್ರದ ನೋಂದಣಿಯಾದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ಬರಬೇಕು, ಇಲ್ಲಿ ಜೀವಮಾನ ತೆರಿಗೆ ಹೊಸದಾಗಿ ಕಟ್ಟಬೇಕು. ಅಗ್ಗದ ಜೀಎ ಗಾಡಿ ಅಲ್ಲಿಗೆ ಕೆಎ ಗಾಡಿಯ ದರಕ್ಕೇ ಬಂದು ನಿಲ್ಲುತ್ತದೆ. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕ್ಲೇಮ್ ಮಾಡದ್ದಕ್ಕೆ ಸಿಗುವ ಬೋನಸ್ ಮಾತ್ರ ಗಾಡಿಯ ಜೊತೆ ಬರುವುದಿಲ್ಲ, ಅದು ಹಳೇ ಮಾಲೀಕನದು. ಬಾಕಿ ದಂಡ ಎಷ್ಟಿದೆಯೆಂದು ನಂಬರ್ ಹಾಕಿ ನೋಡುವುದನ್ನು ಮರೆಯಬಾರದು. ಸಹಿಗಳೆಲ್ಲ ಆಗುವವರೆಗೆ ಒಂದು ಮೊತ್ತ ಕೈಯಲ್ಲೇ ಇರಲಿ.

ದರಕ್ಕೆ ಬಂದಾಗ ಕಂಡ ದೋಷಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರೆ ಮಾಲೀಕನಿಗೆ ಸಿಟ್ಟು ಬರುತ್ತದೆ. ಗಾಡಿಯ ಮೇಲೆ ಅವನಿಗೆ ಪ್ರೀತಿ ಇರುತ್ತದೆ, ಅದು ಸುಳ್ಳಲ್ಲ. ಟಯರಿಗೆ ಇಷ್ಟು, ಚೈನ್ ಸೆಟ್ಟಿಗೆ ಇಷ್ಟು, ಕೋನ್ ಸೆಟ್ಟಿಗೆ ಮಜೂರಿ ಸೇರಿ ಇಷ್ಟು ಎಂದು ಚೀಟಿಯ ಮೇಲೆ ಬರೆದು ತೋರಿಸಿದರೆ ಬೈಗುಳವಿಲ್ಲದೆ ಕೆಲಸವಾಗುತ್ತದೆ. ಅರ್ಧಕ್ಕೆ ಒಪ್ಪುತ್ತಾನೆ, ಇನ್ನರ್ಧಕ್ಕೆ ‘ಹೋಗ್ಲಿ ಬಿಡ್ರಿ ಅಣ್ಣಾರ’ ಎನ್ನುತ್ತಾನೆ. ಲಕ್ಷದ ವ್ಯವಹಾರ ಹೀಗೆ ಮುಗಿದು, ಕೀ ಕೈ ಬದಲಾಗಿ, ನಿಂಬೆಹಣ್ಣು ಹಚ್ಚಲು ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೊರಡಬೇಕು ಎನ್ನುವಷ್ಟರಲ್ಲಿ ಅವನು ಒಳಗಿನಿಂದ ಸ್ಪ್ಯಾನರ್ ತರುತ್ತಾನೆ. ಹ್ಯಾಂಡಲಿಗೆ ಹಾಕಿದ ಮೊಬೈಲ್ ಹೋಲ್ಡರ್ ದರದಾಗ ಬರೂದಿಲ್ಲಂತ.