ಡಿಕ್ಕಿ ತುಂಬಾ ಬೇಸು

ನಮ್ ಭಾಮೈದ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡಾಗ ಟೈರ್ ನಾಕೂ ಬೋಳಾಗಿದ್ವು, ವೈಪರ್ ಒಂದೇ ಕಡೆ ಆಡ್ತಿತ್ತು, ಅದ್ಯಾವ್ದೂ ಅವ್ನ ಕಣ್ಣಿಗೆ ಬೀಳ್ಲಿಲ್ಲ. ನೆಟ್ಟಗೆ ಜೆ.ಸಿ. ರೋಡಿಗೆ ಹೋಗಿ 12 ಇಂಚಿನ ಸಬ್‌ವೂಫರ್, ಅಂದ್ರೆ ಢಂಢಂ ಅನ್ನೋ ಬೇಸ್‌ಗೆ ಅಂತಾನೇ ಇರೋ ದೊಡ್ಡ ಸ್ಪೀಕರ್, ಡಬ್ಬ ಸಮೇತ ತಂದ. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 1200 ವ್ಯಾಟ್. ಹಿಂದೆ ತಿರುಗ್ಸಿದ್ರೆ ಭೂತಕನ್ನಡಿ ಹಿಡ್ಕೊಂಡು ಓದೋ ಸೈಜಲ್ಲಿ ಆರ್‌ಎಂಎಸ್ 250. ಅಂದ್ರೆ ಅದು ಒಂದೇ ಸಮ ತಡ್ಕೊಳ್ಳೋದು ಅಷ್ಟೇ, ಉಳಿದಿದ್ದೆಲ್ಲ ಕಣ್ಮುಚ್ಚಿ ತೆಗೆಯೋದ್ರೊಳಗೆ ಬಂದು ಹೋಗೋ ಪೀಕ್ ಲೆಕ್ಕ. ಈ ಪೀಕ್ ವ್ಯಾಟ್ ಅನ್ನೋದು ಮದ್ವೆ ಬ್ರೋಕರ್ ಹೇಳೋ ಹುಡುಗನ ಸಂಬಳ ಇದ್ದಂಗೆ.

ಫಿಟ್ಟಿಂಗ್ ನಾನೇ ಮಾಡ್ತೀನಿ ಅಂತ ವಿಡಿಯೋ ನೋಡ್ಕೊಂಡು ತಾನೇ ಕೂತ. ಮಾಡಿ ಮುಗ್ಸಿ ಹಾಡು ಹಾಕಿದ್ರೆ ಬೇಸೇ ಇಲ್ಲ! ಇದಕ್ಕೆ ಇನ್ನೂ ದೊಡ್ಡ ಆಂಪ್ (ಸ್ಪೀಕರ್‌ಗೆ ಪವರ್ ಕೊಡೋ ಆಂಪ್ಲಿಫೈಯರ್) ಬೇಕು ಭಾವ ಅಂದ. ನಾನು ಲೆಕ್ಕ ಹೇಳ್ದೆ, ನೋಡಪ್ಪ ವ್ಯಾಟ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡೆಸಿಬಲ್, ನಿನ್ ಕಿವಿಗೆ ಸೌಂಡ್ ಡಬಲ್ ಆಯ್ತು ಅನ್ಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತರಷ್ಟು ವ್ಯಾಟ್, 2500 ವ್ಯಾಟನ್ನ 12 ವೋಲ್ಟ್ ಬ್ಯಾಟರಿಯಿಂದ ಎಳೆಯೋಕೆ ಹೋದ್ರೆ ಕರೆಂಟು 200 ಆಂಪಿಯರ್ ದಾಟುತ್ತೆ, ಬ್ಯಾಟರಿ ಚಾರ್ಜ್ ಮಾಡೋ ಈ ಕಾರಿನ ಆಲ್ಟರ್ನೇಟರ್ ಕೈ ಮುಗ್ದು ಮನೆಗೆ ಹೋಗುತ್ತೆ. ಅವ್ನು ಎಲ್ಲಾ ಕೇಳ್ಸ್ಕೊಂಡು, ಹೌದ್ ಭಾವ ಅಂತ ಹೇಳಿ, ಗೇನ್ ನಾಬ್ ಪೂರ್ತಿ ತಿರುಗ್ಸಿಬಿಟ್ಟ.

ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರೋ ಸಿಗ್ನಲ್‌ಗೆ ಆಂಪನ್ನ ಹೊಂದ್ಸೋದಕ್ಕೆ ಇರೋದು. ಮಿತಿ ಮೀರಿ ತಿರುಗ್ಸಿದ್ರೆ ಅಲೆಯ ನೆತ್ತಿ ಕತ್ತರ್ಸಿ ಹೋಗುತ್ತೆ, ಕ್ಲಿಪ್ಪಿಂಗ್ ಅಂತಾರೆ, ಸ್ಪೀಕರ್ ಒಳಗಿನ ತಂತಿ ಸುರುಳಿ, ಅದೇ ವಾಯ್ಸ್ ಕಾಯಿಲ್, ಬಿಸಿ ಆಗ್ತಾ ಹೋಗುತ್ತೆ. ಆವತ್ತು ರಾತ್ರಿ ಎಲ್ರೂ ತಿಪಟೂರಿಗೆ ಹೊರಟಿದ್ವಿ. ಪ್ರತಿ ಬೀಟಿಗೂ ಹೆಡ್‌ಲೈಟ್ ಮಂಕಾಗಿ ಮತ್ತೆ ಹತ್ಕೊಳ್ಳೋದು, ಎದುರಿಂದ ಬರೋ ಲಾರಿಯವ್ರು ಇವ್ನು ಡಿಪ್ ಹೊಡಿತಿದಾನೆ ಅನ್ಕೊಂಡು ವಾಪಸ್ ಡಿಪ್ ಹೊಡಿತಿದ್ರು, ಇವ್ನು ಅವ್ರಿಗೆಲ್ಲ ಕೈ ಬೀಸ್ತಿದ್ದ. ನೆಲಮಂಗಲ ದಾಟ್ತಿದ್ದಂಗೆ ಹಿಂದಿನ ಸೀಟಿಂದ ನಮ್ಮತ್ತೆ, "ಏನೋ ಸೀಯ್ತಿದೆ ಕಣ್ರೋ, ಹಾಲು ಒಲೆ ಮೇಲೇ ಇಟ್ಟು ಬಂದ್ವಾ?" ಅಂದ್ರು. ಪಕ್ಕದ್ಮನೆಯವ್ರಿಗೆ ಫೋನ್ ಮಾಡಿ, ಅವ್ರ ಹತ್ರ ಇದ್ದ ಬೀಗದ ಕೈಲಿ ಬಾಗ್ಲು ತೆಗೆಸಿ, ಅಡುಗೆಮನೆ ನೋಡಿಸಿದ್ದಾಯ್ತು. ಒಲೆ ಆಫ್ ಆಗಿತ್ತು. ವಾಸನೆ ಡಿಕ್ಕಿಯಿಂದ ಬರ್ತಿತ್ತು.

ಮಾರನೇ ದಿನ ಊರಲ್ಲಿ ನಾನೇ ಸ್ಕ್ರೂಡ್ರೈವರ್ ಹಿಡ್ಕೊಂಡು ಡಿಕ್ಕಿಯೊಳಗೆ ಅರ್ಧ ದೇಹ ತೂರಿಸ್ದೆ. ಪುಣ್ಯಕ್ಕೆ ಕಾಯಿಲ್ ಪೂರ್ತಿ ಹೋಗಿರ್ಲಿಲ್ಲ. ಕೆಂಪು ವೈರ್ ಹೋಗಿ ಕಪ್ಪು ಟರ್ಮಿನಲ್‌ನಲ್ಲಿ ಕೂತಿತ್ತು. ಮುಂದಿನ ಡೋರ್ ಸ್ಪೀಕರ್ ಗಾಳಿನ ತಳ್ಳುವಾಗ ಹಿಂದೆ ಇದು ಎಳೀತಾ ಇರೋದು, ಎರಡೂ ಸೇರೋ 80 ಹರ್ಟ್ಸ್ (ಸೆಕೆಂಡಿಗೆ 80 ಕಂಪನ) ಆಸುಪಾಸಲ್ಲಿ ಒಂದನ್ನ ಇನ್ನೊಂದು ತಿಂದು ಹಾಕ್ತಿತ್ತು. ವೈರ್ ಅದಲು ಬದಲು ಮಾಡ್ದೆ, ಗೇನ್ ಇಳಿಸ್ದೆ, ಸೀಟ್ ಕಡೆ ಮುಖ ಮಾಡಿದ್ದ ವೂಫರ್ ಡಬ್ಬಾನ ಡಿಕ್ಕಿ ಬಾಗ್ಲು ಕಡೆ ತಿರುಗ್ಸಿದೆ. ಒಂದು ರೂಪಾಯಿ ಖರ್ಚಿಲ್ಲ. ಆದ್ರೂ ಒಂದ್ ಥರ ಕೊರತೆ. ಬಗ್ಗಿ ನೋಡಿದ್ರೆ ಡಬ್ಬದ ಪೋರ್ಟ್, ಅಂದ್ರೆ ಗಾಳಿ ಆಡೋಕೆ ಬಿಟ್ಟಿರೋ ತೂತು, ಅದರೊಳಗೆ ಹಳೇ ಪಂಚೆ!

ಅತ್ತೆ ತುರುಕಿದ್ದು. "ಹೊಸ ಡಬ್ಬ ಅಂತಾನೆ, ಇಷ್ಟು ದೊಡ್ಡ ತೂತಿದೆ, ಇಲಿ ಹೋಗಲ್ವಾ?" ಆ ತೂತನ್ನ ಅಳತೆ ಮಾಡಿ ಸುಮಾರು 35 ಹರ್ಟ್ಸ್‌ಗೆ ಟ್ಯೂನ್ ಮಾಡಿರ್ತಾರೆ, ಅಷ್ಟು ತಗ್ಗಿನ ಸ್ವರದಲ್ಲಿ ಸ್ಪೀಕರ್ ಕೋನ್‌ಗಿಂತ ಜಾಸ್ತಿ ಕೆಲ್ಸ ಮಾಡೋದೇ ಅದು ಅಂತ ವಿವರ್ಸೋಕೆ ಹೋದೆ. ಪಂಚೆ ವಾಪಸ್ ಇಸ್ಕೊಂಡು ಒಳಗೆ ಹೋದ್ರು.

ಈಗ ಬಂತು ನೋಡಿ ಬೇಸು! ಎದೆಗೂಡೇ ಅಲ್ಲಾಡ್ತು. ಭಾಮೈದ ಖುಷಿಗೆ ಬೀದಿಗೆಲ್ಲ ಕೇಳ್ಲಿ ಅಂತ ನಾಕೂ ಗ್ಲಾಸ್ ಇಳಿಸಿದ, ಬೇಸ್ ಅರ್ಧಕ್ಕರ್ಧ ಸೋರಿ ಹೋಯ್ತು. 40 ಹರ್ಟ್ಸ್ ಅಲೆ ಅಂದ್ರೆ ಸುಮಾರು ಎಂಟೂವರೆ ಮೀಟರ್ ಉದ್ದ, ಅದು ಕಾರೊಳಗೆ ಹಿಡಿಸೋದೇ ಇಲ್ಲ, ಮುಚ್ಚಿದ ಕ್ಯಾಬಿನ್‌ನಲ್ಲಿ ಒತ್ತಡ ಕಟ್ಟಿದ್ರೇನೇ ಮಜಾ. ಊರಿಗೆ ಕೇಳ್ಸೋಕೆ ಹೋದವ್ನಿಗೆ ತನ್ ಹಾಡು ತನಗೇ ಕೇಳಲ್ಲ, ನನಗಂತೂ ಇದು ಪ್ರಕೃತಿಯ ನ್ಯಾಯ ಅನ್ಸುತ್ತೆ.

ಗ್ಲಾಸ್ ಏರಿಸಿದ್ಮೇಲೆ ಮಿಕ್ಕ ಕಾರು ಹಾಡೋಕೆ ಶುರು ಮಾಡ್ತು. ನಂಬರ್ ಪ್ಲೇಟ್ ಟರ್ರ್ ಅಂತು, ಪಾರ್ಸೆಲ್ ಟ್ರೇ ಕಟಕಟ, ಸೀಟ್ ಬೆಲ್ಟ್ ಬಕಲ್ ಟಿಣಿಟಿಣಿ. ಪ್ಲೇಟ್ ಹಿಂದೆ ಫೋಮ್ ಟೇಪು, ಡಿಕ್ಕಿ ಬಾಗ್ಲಿಗೆ ಅದುರಾಟ ತಡೆಯೋ ಬ್ಯೂಟೈಲ್ ಡ್ಯಾಂಪಿಂಗ್ ಶೀಟು ಅಂತ ಒಂದೊಂದಾಗಿ ಬಾಯಿ ಮುಚ್ಸಿದ್ವಿ. ಒಂದ್ ಮಾತ್ರ ಹೋಗ್ಲೇ ಇಲ್ಲ. ಬೇಸ್ ತೀರಾ ಕೆಳಗಿಳಿದಾಗ ಮಾತ್ರ ಎಲ್ಲಿಂದ್ಲೋ ಗುಡುಗುಡು ಗುಡುಗುಡು. ಸಸ್ಪೆನ್ಶನ್ ಇರ್ಬೇಕು ಅಂದ್ರು ಒಬ್ರು, ಪೆಟ್ರೋಲ್ ಟ್ಯಾಂಕ್ ಅಂದ್ರು ಇನ್ನೊಬ್ರು. ಕೊನೆಗೆ ಮಾವನೇ ಬಂದು, ಡಿಕ್ಕಿ ಮ್ಯಾಟ್ ಎತ್ತಿ, ಸ್ಪೇರ್ ವೀಲ್ ಸಂದಿಗೆ ಕೈ ಹಾಕಿ, ಕರಟ ಸಮೇತ ಒಂದು ಕೊಬ್ಬರಿ ಆಚೆ ತೆಗೆದ್ರು. ಕಾಯಿನ ತಿಂಗಳುಗಟ್ಲೆ ಅಟ್ಟದ ಮೇಲೆ ಒಣಗೋಕೆ ಬಿಟ್ರೆ ಒಳಗಿನ ಕೊಬ್ಬರಿ ಕರಟ ಬಿಟ್ಟು ಉಂಡೆ ಆಗಿ ಅಲ್ಲಾಡುತ್ತಲ್ಲ, ಅದೇ ಉಂಡೆ ಕೊಬ್ಬರಿ. ಹಿಂದೊಂದ್ ಸಲ ಮೂಟೆ ಸಾಗ್ಸುವಾಗ ಜಾರಿ ಬಿದ್ದಿದ್ದು.

ಮಾವ ಅದನ್ನ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ, "ಹೋದ್ಸಲ ಲೆಕ್ಕದಲ್ಲಿ ಒಂದು ಕಮ್ಮಿ ಬಂದಿತ್ತು" ಅಂತ ಹೇಳಿ ಜೇಬಿಗೆ ತುರುಕೋಕೆ ನೋಡಿದ್ರು, ಹಿಡಿಸ್ಲಿಲ್ಲ, ಕೈಯಲ್ಲೇ ಹಿಡ್ಕೊಂಡು ಹೋದ್ರು.

ಭಾಮೈದ ಹಾಡು ಮತ್ತೆ ಹಾಕಿದ, ಗುಡುಗುಡು ಇಲ್ಲ, ಕ್ಲೀನ್. ಕಣ್ಮುಚ್ಕೊಂಡು ಸ್ವಲ್ಪ ಹೊತ್ತು ಕೇಳಿ, "ಭಾವ, ಈಗ ಬೇಸ್ ಒಂಚೂರು ಕಮ್ಮಿ ಆದಂಗಿಲ್ವಾ?" ಅಂದ.